ಫಿಲ್ಟರ್ ನೀರಿನಲ್ಲಿ ಜೀವಿ ಹುಡುಕಿದ್ದು

ನೀರು ತನ್ನಿ ಅಂದರೆ ಮಕ್ಕಳು ಎಂಥ ನೀರು ತರುತ್ತಾರೆ?

ಹೋದ ಗುರುವಾರ ಒಂಬತ್ತನೇ ಕ್ಲಾಸಿನವರಿಗೆ, "ನಿಮ್ಮೂರಿನ ಕೆರೆ ನೀರು ತನ್ನಿ, ಮೈಕ್ರೋಸ್ಕೋಪಿನಲ್ಲಿ ಜೀವಿ ನೋಡೋಣ" ಎಂದಿದ್ದೆ. (ಮಸ್ಕಿಯಿಂದ ಸಿಂಧನೂರಿನ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡುವ ವಿಜ್ಞಾನದ ಟೀಚರ್ ನಾನು, ನಿಮಗೆ ಗೊತ್ತೇ ಇದೆ.) ಮೈಕ್ರೋಸ್ಕೋಪ್ ಬಂದು ವಾರವಷ್ಟೇ ಆಗಿತ್ತು. ಅದನ್ನು ಲಿಂಗಸುಗೂರಿನ ಶಾಲೆಯವರೂ ಕೇಳುತ್ತಿದ್ದರು. ಶುಕ್ರವಾರ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದಾಗ ಮಕ್ಕಳು ಏನಾದರೂ ಕಂಡರೆ ಅದು ನಮಗೆ. ಇಲ್ಲದಿದ್ದರೆ ಅವರಿಗೆ.

ಶುಕ್ರವಾರ ಬಾಟಲಿಗಳು ಸಾಲಾಗಿ ಬಂದವು. ಒಂದೊಂದರದೂ ಹನಿ ಹಾಕಿ ನೋಡಿದೆ. ಏನೂ ಇಲ್ಲ. ಅಷ್ಟೂ ಫಿಲ್ಟರ್ ನೀರು.

"ಕೆರಿ ನೀರು ಎಲ್ಲಿ?" ಎಂದು ಜೋರು ಮಾಡಿದೆ. ತುರ್ವಿಹಾಳದಿಂದ ಬರುವ ಶರಣಮ್ಮ ಎದ್ದು ನಿಂತಳು.

"ನಮ್ಮೂರ ನೀರ್ನಾಗ ಹುಳ ಕಂಡ್ರ ಇವರೆಲ್ಲ ಆಡ್ಕೊಂಡು ನಗ್ತಾರ್ರೀ ಮೇಡಂ."

ಉಳಿದವರೂ ತಲೆ ತಗ್ಗಿಸಿದರು. ಎಲ್ಲರಿಗೂ ಅವರವರ ಊರಿನ ಮರ್ಯಾದೆಯ ಚಿಂತೆ. ನನಗೆ ಸಿಟ್ಟು ಬಂತು. ಜೀವಿ ಇಲ್ಲದ ಕೆರೆ ಎಲ್ಲಾದರೂ ಇದೆಯೇ, ಇದರಲ್ಲಿ ನಾಚಿಕೆ ಎಂಥದು ಎಂದು ಹತ್ತು ನಿಮಿಷ ಭಾಷಣ ಬಿಗಿದೆ. (ಸಿಟ್ಟು ಬಂದಾಗ ನನಗೆ ಭಾಷಣ ಚೆನ್ನಾಗಿ ಬರುತ್ತದೆ.) ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಸಾಹೇಬರು ಬಂದೇ ಬಿಟ್ಟರು.

"ಮೇಡಂ, ನಿಮ್ಮ ಬಾಟ್ಲಿ ತಳದಾಗ ಪಾಚಿ ಅದ ನೋಡ್ರಿ," ಎಂದಳು ಶರಣಮ್ಮ.

ನಾನು ದಿನಾ ಕುಡಿಯುವ ಬಾಟಲಿ. (ಹೊರಗೆ ತೊಳೆಯುತ್ತೇನೆ, ಒಳಗೆ ಕೈ ಹೋಗುವುದಿಲ್ಲ.) ನಾಚಿಕೆಪಡಲು ಪುರಸೊತ್ತೆಲ್ಲಿ? ಕಡ್ಡಿಯಲ್ಲಿ ತಳ ಕೆರೆದು ಒಂದು ಹನಿ ಸ್ಲೈಡಿಗೆ ಹಾಕಿ ಫೋಕಸ್ ಮಾಡಿದೆ. ಅಬ್ಬಾ! ಹಸಿರು ಎಳೆಗಳ ನಡುವೆ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಯೊಂದು, ಬಸ್ಸು ತಪ್ಪಿದವರ ಹಾಗೆ ಓಡುತ್ತಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಮಕ್ಕಳು ಮುಗಿಬಿದ್ದು ನೋಡಿದರು. "ಓಡಾಕತ್ಯಾದ ನೋಡಲೇ," ಎಂದು ಒಬ್ಬರನ್ನೊಬ್ಬರು ತಳ್ಳಿದರು. ಸಾಹೇಬರೂ ಕಣ್ಣಿಟ್ಟರು. ಮಕ್ಕಳನ್ನು ಎರಡು ಪ್ರಶ್ನೆ ಕೇಳಿ ಖುಷಿಯಾದರು.

"ಇದು ಇಲ್ಲೇ ಇರ್ಲಿ ಬಿಡ್ರಿ," ಎಂದವರು ಬಾಗಿಲಲ್ಲಿ ನಿಂತು ತಿರುಗಿದರು. "ಅಂದಹಾಗ, ಎಲ್ಲಿ ನೀರ್ರೀ ಇದು?"

"ತುರ್ವಿಹಾಳದ ಕೆರಿದು ಸರ್," ಅಂದುಬಿಟ್ಟೆ.

ಜೀಪು ಹೋಯಿತು. ಮೈಕ್ರೋಸ್ಕೋಪ್ ಉಳಿಯಿತು. ಎಷ್ಟು ದಿನವಾಗಿತ್ತು ಇಷ್ಟು ನಿರಾಳವಾಗಿ ಕುರ್ಚಿಗೆ ಒರಗಿ! ಶರಣಮ್ಮ ಬಾಟಲಿಯನ್ನು ನನ್ನ ಮುಂದಿಟ್ಟು ಮೆಲ್ಲಗೆ ಕೇಳಿದಳು:

"ಮೇಡಂ, ನಮ್ಮೂರ ಕೆರಿಗೆ ನೀವು ಯಾವಾಗ ಬಂದಿದ್ರಿ?"