ಚಾಚಿಯ ದಾಸವಾಳಕ್ಕೆ ಬಿದ್ದ ಬಿಳಿ ತಿಗಣೆ

ಮೊನ್ನೆ ಸಾಬೂನಿನ ನೀರಿಗೆ ಬೇವಿನೆಣ್ಣೆ ಹನಿಸಿ ಬಾಟಲಿ ಅಲುಗಾಡಿಸಿದಾಗ ಆ ಕಹಿ ವಾಸನೆ ಮೂಗಿಗೆ ಅಡರಿತು. ನಮ್ಮ ಬಾಲ್ಕನಿಯ ದಾಸವಾಳಕ್ಕೆ ಬಿಳಿ ತಿಗಣೆ ಬಿದ್ದಿದೆ. ಆದರೆ ನನಗೆ ಕಂಡದ್ದು ನರಗುಂದ, ಪಕ್ಕದ ಮನೆಯ ಚಾಚಿಯ ಅಂಗಳ...

ಮದುವೆಯಾಗಿ ಹೊಸದಾಗಿ ಆ ಊರಿಗೆ ಹೋಗಿದ್ದೆ. ಚಾಚಿಯ ಗಂಡ ಹತ್ತಿ ಬಿಡಿಸುವ ಜಿನ್ನಿನ ಧೂಳಿನಲ್ಲಿ ದುಡಿದು ದುಡಿದು ದಮ್ಮು ಹತ್ತಿಸಿಕೊಂಡಿದ್ದರು. ಸದಾ ಹಗ್ಗದ ಹೊರಸಿನ ಮೇಲೆ ಕುಳಿತಿರುತ್ತಿದ್ದರು. ಅವರ ಕಣ್ಣೆದುರಿಗೆ, ಹಳೆಯ ಎಣ್ಣೆ ಡಬ್ಬಿಯಲ್ಲಿ, ಒಂದು ಕೆಂಪು ದಾಸವಾಳ. ಮೆಣಸಗಿಯ ತವರಿನಿಂದ ಚಾಚಿ ತಂದು ನೆಟ್ಟ ಟೊಂಗೆ. ಆಮೇಲೆ ತವರಿನ ಮನೆ, ಹಿತ್ತಲು ಎರಡನ್ನೂ ಹೊಳೆ ಒಯ್ದಿತ್ತು. ಉಳಿದದ್ದು ಇದೊಂದೇ.

ಒಂದು ಬೇಸಿಗೆ, ಹಿಟ್ಟು ಉದುರಿಸಿದಂತೆ ಚಿಗುರಿನ ತುಂಬ ತಿಗಣೆ ಕೂತವು. ಮೊಗ್ಗು ಮುರುಟಿ ಉದುರಿದವು. ಗೊಬ್ಬರದಂಗಡಿಯವರು ಔಷಧ ಹೊಡೆಯಲು ಹೇಳಿದರು. ಆ ಘಾಟು ತಾಗಿದರೆ ಚಾಚಾರಿಗೆ ಉಸಿರೇ ಕಟ್ಟುತ್ತಿತ್ತು. ಚಾಚಿ ದಿನಾ ಮುಂಜಾನೆ ಅರಳೆಯನ್ನು ಸಾಬೂನಿನ ನೀರಿನಲ್ಲಿ ಅದ್ದಿ ಒಂದೊಂದೇ ಎಲೆಯ ಬೆನ್ನು ಒರೆಸುತ್ತಿದ್ದರು. ಸಂಜೆ ಬೇವಿನೆಣ್ಣೆ ಬೆರೆಸಿದ ನೀರು. ತಿಗಣೆ ಹೊತ್ತು ತರುವ ಇರುವೆ ಹತ್ತದಂತೆ, ನೀರು ತುಂಬಿದ ಪರಾತದಲ್ಲಿ ಇಟ್ಟಿಗೆಯಿಟ್ಟು ಅದರ ಮೇಲೆ ಡಬ್ಬಿ ಕೂರಿಸಿದ್ದರು. ನಾಲ್ಕು ದಿನ ಹಸಿರು ಕಾಣುತ್ತಿತ್ತು. ಆಮೇಲೆ ಮತ್ತೆ ಬಿಳುಪು...

“ನಾ ಎರಡ ದಿನ ತಂಗಿ ಮನ್ಯಾಗ ಇರ್ತೀನಿ. ಔಷಧ ಹೊಡಸು,” ಎಂದರು ಚಾಚಾ.

“ಗಿಡದ ಸಲುವಾಗಿ ನಿಮ್ಮನ್ನ ಹೊರಗ ಹಾಕ್ಲೇನ್ರಿ?” ಚಾಚಿ ಒರೆಸುವುದನ್ನು ನಿಲ್ಲಿಸಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಗಿಡ ಒಣಗಿತು. ಅದನ್ನು ಕಿತ್ತು, ಬೇರೆಯವರ ಗಿಡಕ್ಕೆ ಹತ್ತಬಾರದೆಂದು ಚಾಚಿ ಚೀಲದಲ್ಲಿ ಬಿಗಿದು ಕಟ್ಟಿದರು. ಚಳಿ ಬಿದ್ದಾಗ ಚಾಚಾ ಕೂಡ ಹೋದರು.

ಮುಂದಿನ ವರ್ಷ ರೋಣದಿಂದ ನಾನೊಂದು ದಾಸವಾಳದ ಸಸಿ ತಂದುಕೊಟ್ಟೆ. ಅದಕ್ಕೂ ತಿಗಣೆ ಬಿದ್ದವು.

“ಈಗರೆ ಔಷಧ ಹೊಡಸೂಣೇನ್ರಿ, ಚಾಚಿ?” ಎಂದೆ.

ಅವರು ಖಾಲಿ ಹೊರಸಿನ ಕಡೆ ನೋಡಿದರು. “ಬ್ಯಾಡವ್ವಾ. ಆ ವಾಸನಿ ಬಂದ್ರ ಅವರು ಕೆಮ್ಮಿದಂಗ ಆಗತೈತಿ.”

ಅರಳೆ ಅದ್ದಿ ಒರೆಸತೊಡಗಿದರು. ಆ ಸಸಿಯೂ ಉಳಿಯಲಿಲ್ಲ.

ನಮಗೆ ಬೇರೆ ಊರಿಗೆ ವರ್ಗವಾಯಿತು. ಚಾಚಿ ತೀರಿಕೊಂಡ ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೂ ಹೋಗಲಾಗಲಿಲ್ಲ...

ಇವತ್ತು ಎಲೆ ತಿರುವಿ ನೋಡಿದೆ. ನಿನ್ನೆ ಒರೆಸಿದ ಜಾಗದಲ್ಲೇ ಮತ್ತೆ ಬಂದು ಕೂತಿವೆ. ಇನ್ನೇನು ಮಾಡಲಿ ಎಂದು ಕೇಳಲು ಚಾಚಿ ಇಲ್ಲ. ಇದ್ದಿದ್ದರೂ, ಅದು ಅವರಿಗೂ ಗೊತ್ತಿರುತ್ತಿರಲಿಲ್ಲ.