ನನ್ನ ಹೆಸರಿನ ಡಬ್ಬಿಗಳು

ನವಲಗುಂದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ ಶಂಭುಲಿಂಗಪ್ಪ ನಾನೇ. ಜೀವಮಾನವಿಡೀ ಮೈಕಿನಲ್ಲಿ ಒದರಿ ಒದರಿ, ನಿವೃತ್ತನಾದ ಮೇಲೂ ಮೆತ್ತಗೆ ಮಾತಾಡಲು ಬರುವುದಿಲ್ಲ. ನಾನು ಮನೆಯಲ್ಲಿ ಚಹಾ ಕೇಳಿದರೆ ಹುಬ್ಬಳ್ಳಿ ಬಸ್ಸು ಬಂತೆಂದು ಓಣಿಯವರು ಚೀಲ ಎತ್ತಿಕೊಳ್ಳುತ್ತಾರೆ ಎಂದು ಹೆಂಡತಿ ಮಹಾದೇವಕ್ಕ ಹಂಗಿಸುತ್ತಾಳೆ. ಇಂಥವನನ್ನು ನಮ್ಮ ನಿವೃತ್ತರ ಸೇವಾ ಬಳಗ ಅಧ್ಯಕ್ಷನನ್ನಾಗಿ ಮಾಡಿತು. ಮೈಕಿನ ಬಾಡಿಗೆ ಉಳಿಯುತ್ತದೆ ಎಂಬುದು ಬಿಟ್ಟರೆ ಬೇರೆ ಕಾರಣ ನನಗಂತೂ ಹೊಳೆದಿಲ್ಲ.

ಬಳಗ ಹುಟ್ಟಿದಾಗಿನಿಂದ ನಾವು ಮಾಡಿದ ಸೇವೆಯೆಂದರೆ ಒಬ್ಬರಿಗೊಬ್ಬರು ಶಾಲು ಹೊದಿಸಿದ್ದು. ಹೊದಿಸಿಕೊಳ್ಳಲು ಯಾರೂ ಉಳಿಯದ ಹೊತ್ತಿಗೆ ಖಾಸಿಂಬಿ ಬಂದಳು. ಜಮಖಾನ ನೇಯುವ ಹೆಣ್ಣುಮಕ್ಕಳ ಸಂಘ ಕಟ್ಟಿದವಳು.

"ಊರಾಗ ಹಾಸಿಗಿ ಹಿಡದವ್ರು, ಕೈಲಾಗದವ್ರು ಭಾಳ ಮಂದಿ ಅದಾರ್ರಿ. ಅಡಗಿ ನಾವು ಮಾಡ್ತೀವಿ. ನೀವು ಡಬ್ಬಿ ತಂದು ಮನಿಮನಿಗೆ ಬುತ್ತಿ ಮುಟ್ಟಸ್ರಿ," ಎಂದಳು.

ನಾನು ಉಬ್ಬಿಹೋದೆ. ಸ್ಟೀಲ್ ಡಬ್ಬಿ ತಂದು ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ 'ಅಧ್ಯಕ್ಷರು: ಶಂಭುಲಿಂಗಪ್ಪ' ಎಂದು ಬರೆಸಿದೆ. ಬಳಗದ ಹೆಸರಿಗೆ ಜಾಗ ಸಾಲಲಿಲ್ಲ.

ದಿನಾ ತುಂಬಿದ ಡಬ್ಬಿ ಕೊಟ್ಟು ನಿನ್ನೆಯ ಖಾಲಿ ಡಬ್ಬಿ ತರುವುದು ಪದ್ಧತಿ. ಎಲ್ಲ ಮನೆಯಿಂದಲೂ ಬರುತ್ತಿದ್ದವು, ಮಲ್ಲಕ್ಕನ ಮನೆಯಿಂದ ಮಾತ್ರ ಇಲ್ಲ. ನಿಲ್ದಾಣದ ಬಾಜು ಮೊಸರು ಮಾರುತ್ತಿದ್ದ ಹೆಂಗಸು ಅವಳು. ಬಿದ್ದು ಕಾಲು ಮುರಿದುಕೊಂಡು ಮನೆ ಹಿಡಿದಿದ್ದಳು. ನಮ್ಮ ಬುತ್ತಿ ಬಿಟ್ಟರೆ ಅವಳಿಗೆ ಬೇರೆ ಊಟವಿರಲಿಲ್ಲ. ಕೇಳಿದಾಗಲೆಲ್ಲ "ನಾಳಿ ಕೊಡ್ತೀನ್ರಿ" ಎನ್ನುತ್ತಿದ್ದಳು. ಕೊನೆಗೆ ಡಬ್ಬಿ ಸಾಲದೆ ಖಾಸಿಂಬಿ ಸಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟತೊಡಗಿದಳು. ಅದು ಸೋರಿ ನನ್ನ ಧೋತರದ ಮೇಲೆ ಬಿತ್ತು. ನನ್ನ ಪಿತ್ತ ನೆತ್ತಿಗೇರಿತು.

ನೇರ ಹೋಗಿ ಓಣಿಯಲ್ಲೇ ನಿಂತು ಒದರಿದೆ: "ಮಲ್ಲಕ್ಕಾ! ಡಬ್ಬಿ ಎಲ್ಲಿ? ಮಾರಿಕೊಂಡು ತಿಂದಿಯೇನು?"

ಎಲ್ಲ ಮನೆಗಳ ಬಾಗಿಲು ತೆರೆದವು. ಮಲ್ಲಕ್ಕ ಕೋಲು ಊರಿಕೊಂಡು ಹೊಸ್ತಿಲಿಗೆ ಬಂದಳು. ಅವಳ ಹಿಂದೆ ಗೋಡೆಯ ಮಾಡದಲ್ಲಿ ನನ್ನ ಡಬ್ಬಿಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು.

"ನಾ ಕಳ್ಳಿ ಅಲ್ರಿ, ಸಾಹೇಬ್ರ. ಬುತ್ತಿ ಬಂದ ಡಬ್ಬಿ ಖಾಲಿ ಹೆಂಗ ಕೊಡ್ಲಿ? ಹಾಕಿ ಕೊಡಾಕ ಮನ್ಯಾಗ ಒಂದ ಬೊಗಸಿ ಜ್ವಾಳ ಇಲ್ಲ. ಕಾಲು ನೆಟ್ಟಗಾದ ಮ್ಯಾಲೆ ಏನರ ತುಂಬಿ ನಾನ ತಂದು ಕೊಡ್ತೀನಿ. ಅಲ್ಲೀತನಕ ನನಗ ಬುತ್ತಿ ಬ್ಯಾಡ್ರಿ."

ಬಾಗಿಲು ಮುಚ್ಚಿತು. ನಾನು ಸಾರು ಬಿದ್ದ ಧೋತರ ಎತ್ತಿ ಹಿಡಿದು ಮನೆಯ ದಾರಿ ಹಿಡಿದೆ.

ಮನೆಯಲ್ಲಿ ಹೇಳಿದರೆ ಮಹಾದೇವಕ್ಕ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ಅಲ್ರೀ, ಬಾಜೂ ಮನಿ ಬೋಗಾಣಿ ನಾ ಒಮ್ಮೆ ಖಾಲಿ ಕೊಟ್ಟಿದ್ದಕ್ಕ ಒಂದು ಚಿಮಟಿ ಸಕ್ರಿಯರ ಹಾಕಬಾರದಾಗಿತ್ತೇನು ಅಂತ ಮನಿ ಹಾರಿಹೋಗೂ ಹಂಗ ಒದರಿದ್ರಿ. ಆ ಶ್ಯಾಣ್ಯಾತನ ಇವತ್ತು ಎಲ್ಲಿ ಹೋಗಿತ್ತು?"

ಎಲ್ಲಿ ಹೋಗಿತ್ತೋ ನನಗೇನು ಗೊತ್ತು? ನಾಚಿಕೆಯಾಯಿತು. ಮುರಿದ ಕಾಲಿನ ಹೆಂಗಸು ನನ್ನ ಬಾಯಿಯಿಂದಾಗಿ ಉಪವಾಸ ಬೀಳುತ್ತಾಳಲ್ಲ ಎಂಬ ಚಿಂತೆ ಹತ್ತಿತು. ಬಡಿಸಿದ ರೊಟ್ಟಿ ಬಿಟ್ಟು ಎದ್ದೆ.

ಮರುದಿನ, ನನ್ನ ಪರವಾಗಿ ಎರಡು ಮಾತು ಹೇಳಿ ಬಾ ಎಂದು ಖಾಸಿಂಬಿಯನ್ನು ಕೇಳಿಕೊಂಡೆ.

"ಒದರಿದವ್ರು ನೀವು. ನೀವ ಹೋಗ್ರಿ," ಎಂದು ಬಿಸಿ ಡಬ್ಬಿ ಕೈಗಿತ್ತಳು.

ಮಲ್ಲಕ್ಕನ ಬಾಗಿಲು ಬಡಿದೆ. "ಬ್ಯಾಡಂದೀನಲ್ರಿ," ಎಂದಿತು ಒಳಗಿನ ದನಿ. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಉರುಹೊಡೆದಿದ್ದೆ. ಆದರೆ ಬಾಯಿ ಬಿಟ್ಟೊಡನೆ "ದಯವಿಟ್ಟು ಗಮನಿಸಿ" ಎಂದೇ ಹೊರಟಿತು, ಅದೂ ಮೈಕಿನ ದನಿಯಲ್ಲಿ! ಓಣಿ ಘೊಳ್ಳೆಂದು ನಕ್ಕಿತು. ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಕಡೆ ತಿರುಗಿದರೆ, ಅಲ್ಲೊಂದು ಕರಿಬೇವಿನ ಗಿಡವಿತ್ತು.

"ಮಲ್ಲಕ್ಕ, ಖಾಸಿಂಬಿ ಒಗ್ಗರಣಿಗೆ ಕರಿಬೇವು ಸಂತ್ಯಾಗ ಕೊಂಡು ತರ್ತಾಳ. ನಿನ್ನ ಗಿಡದ್ದು ಕೊಡ್ತೀಯೇನು? ನಾನ ಹರಕೋತೀನಿ."

ಒಳಗೆ ಕೋಲಿನ ಸಪ್ಪಳವಾಯಿತು.

"ನೀವು ಮುಟ್ಟಬ್ಯಾಡ್ರಿ, ಗಿಡಾನ ಕಿತ್ತೀರಿ!" ಎನ್ನುತ್ತ ಬಾಗಿಲು ತೆರೆದಳು.

ನಾನು ಟೊಂಗೆ ಬಗ್ಗಿಸಿ ಹಿಡಿದೆ, ಅವಳು ಎಸಳೆಸಳಾಗಿ ಬಿಡಿಸಿ ಮಾಡದಿಂದ ತಂದ ಡಬ್ಬಿಗಳಿಗೆ ತುಂಬಿದಳು. ತುಂಬುತ್ತ ಹೇಳಿದಳು: "ಇವಕ್ಕೆಲ್ಲಾ ಏನೋ ಕೆಂಪು ಕಲಿ ಹತ್ತಿತ್ರಿ. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ರಟ್ಟಿ ಬಿದ್ದು ಹೋದ್ವು. ಈಗ ಅಗದಿ ಸ್ವಚ್ಛ ಆಗ್ಯಾವ."

ತಿರುಗಿಸಿ ನೋಡಿದೆ. ಅಧ್ಯಕ್ಷರೂ ಇಲ್ಲ, ಶಂಭುಲಿಂಗಪ್ಪನೂ ಇಲ್ಲ.

"ಚಲೋ ಮಾಡಿದಿ ಬಿಡು," ಎಂದೆ.

ಬಿಸಿ ಬುತ್ತಿಯನ್ನು ಅವಳು ಒಳಗಿಟ್ಟು ಬಂದಾಗ ನನ್ನ ಜೀವ ಜಾಗಕ್ಕೆ ಬಂತು. ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಮಾಡದಲ್ಲಿ ಇನ್ನೊಂದು ಉಳಿದದ್ದು ಕಂಡಿತು.

"ಅದನ್ಯಾಕ ಇಟಗೊಂಡಿ?"

"ಅದು ಇರ್ಲಿ ಬಿಡ್ರಿ. ಎಲ್ಲಾ ಕೊಟ್ರ ನಾಳಿಂದ ಬುತ್ತಿ ಹೊಸ್ತಿಲದಾಗ ಇಟ್ಟು ಹೋಗಿಬಿಡ್ತೀರಿ. ಮನಿ ಮುಂದ ಬಂದು 'ಮಲ್ಲಕ್ಕಾ' ಅಂತ ಒದರವ್ರು ನನಗ ಮತ್ತ ಯಾರದಾರ್ರಿ?"

ಆ ಡಬ್ಬಿ ಇವತ್ತಿಗೂ ಅಲ್ಲೇ ಇದೆ. ನಾನು ದಿನಾ ಹೋಗಿ ಕೇಳುತ್ತೇನೆ, ಮೂರು ಓಣಿಗೆ ಕೇಳುವಂತೆ.