ಒಳಗೂ ಒರೆಸಿದ ಕಂಪ್ಯೂಟರ್

ಆಯುಧಪೂಜೆಗೆ ಮೊದಲು ಮಕ್ತಲ್‌ನ ನಮ್ಮ ಮನೆಯಲ್ಲಿ ಪ್ರತಿ ಸಾಮಾನೂ ಒಳಗೂ ಹೊರಗೂ ಶುಚಿಯಾಗಬೇಕು. ಗದ್ವಾಲ್ ನೇಕಾರರಿಗೆ ಸೀರೆಯ ಅಂಚಿನ ವಿನ್ಯಾಸ ಬಿಡಿಸಿಕೊಡಲು ನಾನು ಬಳಸುವ ಕಂಪ್ಯೂಟರಿನ ಧೂಳು ಒರೆಸಿದೆ. ಒಳಗೂ ಕಸವಿರಬಾರದೆಂದು ಗುರುತಿಲ್ಲದ ಫೈಲುಗಳನ್ನೆಲ್ಲ ಅಳಿಸಿದೆ. ಆಮೇಲೆ ವಿಂಡೋಸ್ ಏಳಲೇ ಇಲ್ಲ.

"ಹೆಣ್ಮಕ್ಕಳಿಗ್ಯಾಕ ಬೇಕು ಇವೆಲ್ಲ? ಹಬ್ಬ ಆಗ್ಲಿ, ರಾಯಚೂರಿಗೆ ಒಯ್ದು ರಿಪೇರಿ ಮಾಡಿಸ್ತೀನಿ," ಎಂದರು ಗಂಡನ ಅಣ್ಣ.

"ಮುಟ್ಟಬ್ಯಾಡ್ರಿ, ಭಾವ. ಕೆಡಿಸಿದಾಕಿನೂ ನಾನ, ಸುದ್ದ ಮಾಡಾಕಿನೂ ನಾನ."

ಪೆನ್‌ಡ್ರೈವಿನಿಂದ ವಿಂಡೋಸ್ ಹೊಸದಾಗಿ ಹಾಕಿದೆ. ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು! ನಾನು ಬಿಡಲಿಲ್ಲ. ಮೊಬೈಲನ್ನೇ ಕೇಬಲ್‌ನಿಂದ ಜೋಡಿಸಿ ಒಂದೊಂದನ್ನೇ ಇಳಿಸಿಕೊಂಡೆ. ಡಿ ಡ್ರೈವಿನಲ್ಲಿ ಉಳಿದಿದ್ದ ಅಂಚುಗಳು ಬಣ್ಣ ಸಮೇತ ಎದ್ದು ಬಂದವು.

ಮರುದಿನ ಆಯುಧಪೂಜೆ. ಭಾವ ಕುಂಕುಮದ ಬಟ್ಟಲು ಹಿಡಿದು ಕಂಪ್ಯೂಟರಿನ ಬಳಿ ಬಂದರು. ನಮ್ಮಲ್ಲಿ ಆ ಪೂಜೆ ಗಂಡಸರದೇ. ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡೆ.

"ನಿಮ್ಮ ಗಾಡಿಗೆ ನೀವು ಹಚ್ರಿ. ಇದು ನನ್ನ ಆಯುಧ."